ಧಾರಾವಾಹಿಯ ಹಿಂದೆ ಉಳಿದ ಮಾತು

ಮೈಕಣ್ಣನ ದನಿ ಹೋಯಿತಂತೆ ಎಂಬ ಸುದ್ದಿ ಬಂದಾಗ ಬಸ್ ನಿಲ್ದಾಣದಲ್ಲಿ ಮೊದಲು ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಇಪ್ಪತ್ತೆಂಟು ವರ್ಷ ಆ ಗಾಜಿನ ಗೂಡಿನೊಳಗೆ ಕೂತು ಬಸ್ಸು ಬರುವುದನ್ನೂ ಹೊರಡುವುದನ್ನೂ ಮೈಕಿನಲ್ಲಿ ಕೂಗಿದ ಮನುಷ್ಯ. ಕೆಲಸ ಮುಗಿಸಿ ಮನೆಗೆ ಬಂದರೂ ಆ ಬಾಯಿಗೆ ಬಿಡುವಿರಲಿಲ್ಲ. ಪೇಪರಿನಲ್ಲಿ ಓದಿದ್ದು, ದಾರಿಯಲ್ಲಿ ಕಂಡದ್ದು, ಪಕ್ಕದ ಮನೆಯವರು ಮಾಡಿದ ತಪ್ಪು, ಹೆಂಡತಿ ಮುಂದೆ ಮಾಡಬಹುದಾದ ತಪ್ಪು, ಎಲ್ಲಕ್ಕೂ ಒಂದೊಂದು ಪ್ರಕಟಣೆ. ಹೆಂಡತಿ ನಡುಮನೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಾಯಿಸುವುದು, ಕಿಟಕಿ ಪರದೆಗೆ ಅಂಚು ಹೊಲಿಯುವುದು ಮಾಡುತ್ತಿದ್ದಳು. ಬೀದಿಯವರಿಗೆಲ್ಲ ಅವಳು ಹೊಲಿಗೆಯಕ್ಕ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಒಂದು ಮಾತನ್ನು ತಾನು ಶುರುಮಾಡಿ ತಾನೇ ಮುಗಿಸಿದ ನೆನಪು ಅವಳಿಗಿಲ್ಲ. "ತಡಿಯೇ, ಮೊದ್ಲು ಪೂರ್ತಿ ಕೇಳು" ಎನ್ನುತ್ತಿದ್ದ ಅವನು. ಪೂರ್ತಿ ಅನ್ನುವುದು ಎಲ್ಲಿ ಬರುತ್ತದೋ, ಅದು ಯಾರಿಗೂ ಗೊತ್ತಿರಲಿಲ್ಲ.

ಅಂಥವನ ಗಂಟಲಿಗೇ ಆ ಹಾಳು ಕ್ಯಾನ್ಸರು ಬರಬೇಕೇ! ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಉಸಿರಾಡಲು ಕತ್ತಿನ ಮುಂಭಾಗದಲ್ಲಿ ಒಂದು ತೂತು, ಅದರ ಮುಂದೆ ಅವಳೇ ಹೊಲಿದುಕೊಟ್ಟ ತೆಳು ಬಟ್ಟೆ. ಆಸ್ಪತ್ರೆಯಿಂದ ಬಂದ ಮೊದಲ ವಾರ ಮನೆ ಎಷ್ಟು ಸುಮ್ಮನಿತ್ತೆಂದರೆ, ಗೋಡೆ ಗಡಿಯಾರಕ್ಕೂ ಸದ್ದಿದೆ ಎಂಬುದು ಅವಳಿಗೆ ಆಗ ಗೊತ್ತಾಯಿತು. ಸುಳ್ಳು ಯಾಕೆ, ಅದು ಅವಳಿಗೆ ಹಿತವಾಗಿಯೇ ಇತ್ತು. ಹಿತವೆನಿಸಿತಲ್ಲ ಎಂದು ಅಡುಗೆಮನೆಗೆ ಹೋಗಿ ಅತ್ತಳು.

ಸ್ಲೇಟು ತಂದರು, ನೋಟುಪುಸ್ತಕ ತಂದರು. ಅವನ ಅಕ್ಷರವೋ ದೇವರಿಗೇ ಪ್ರೀತಿ. ಅದನ್ನು ಓದಲು ಅವಳು ಪ್ರತಿ ಸಲ ಯಂತ್ರ ನಿಲ್ಲಿಸಿ, ಕನ್ನಡಕ ಬದಲಾಯಿಸಿ, ಎದ್ದು ಅವನ ಕುರ್ಚಿಯ ತನಕ ಹೋಗಬೇಕು. ಹೋಗಿ ನೋಡಿದರೆ 'ಫ್ಯಾನು ಜೋರಾಯಿತು' ಎಂದಿರುತ್ತಿತ್ತು. ಮಗಳು ಬೇರೆ ಊರಿನ ಆಫೀಸೊಂದರಲ್ಲಿ ಕಂಪ್ಯೂಟರು ರಿಪೇರಿ ಮಾಡುವವಳು. ಒಂದು ಭಾನುವಾರ, ಆಫೀಸಿನವರು ಗುಜರಿಗೆ ಹಾಕಬೇಕೆಂದಿದ್ದ ಹಳೆಯ ಕಂಪ್ಯೂಟರಿನ ಡಬ್ಬ, ವೈರಿಲ್ಲದ ಕೀಬೋರ್ಡು, ಮೌಸು, ಒಂದು ಮಾರುದ್ದ ಕೇಬಲ್ಲು ಹೊತ್ತುಕೊಂಡು ಬಂದಳು.

"ಮಾನಿಟರ್ ಎಲ್ಲೇ?" ಎಂದಳು ತಾಯಿ.

"ಗೋಡೆ ಮೇಲೆ ಅಷ್ಟು ದೊಡ್ಡದು ತೂಗ್ತಾ ಇದೆಯಲ್ಲಮ್ಮ! ಟಿವಿನೇ ಮಾನಿಟರ್ರು. ಅಪ್ಪ ಕುರ್ಚಿಯಲ್ಲಿ ಕೂತು ಟೈಪ್ ಮಾಡ್ಲಿ, ನೀನು ಮೆಷಿನ್ ಮುಂದೆ ಕೂತಲ್ಲೇ ಓದು."

ಹೇಳಿದಷ್ಟು ಸಲೀಸಾಗಲಿಲ್ಲ. ಮೊದಲು ಚಿತ್ರ ಟಿವಿಯ ಚೌಕಟ್ಟಿನಿಂದಾಚೆ ಹೋಗಿ ಪ್ರತಿ ಸಾಲಿನ ಮೊದಲ ಅಕ್ಷರ ಕಾಣೆಯಾಗುತ್ತಿತ್ತು. ಮಗಳು ಟಿವಿಯ ಮೆನುವಿನಲ್ಲಿ ತಡಕಾಡಿ ಅಳತೆ ಸರಿಮಾಡಿದಳು. ಅಕ್ಷರಗಳನ್ನು ಬೆರಳುದ್ದ ದೊಡ್ಡದು ಮಾಡಿದಳು. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದಳು. ಆಮೇಲೆ ರಿಮೋಟಿನ ಮೂಲೆಯ ಗುಂಡಿಯನ್ನು ತಾಯಿಗೆ ತೋರಿಸಿ, "ಇದನ್ನ ಒತ್ತಿದ್ರೆ ಅಪ್ಪನ ಕಂಪ್ಯೂಟರು, ಮತ್ತೊಂದ್ಸಲ ಒತ್ತಿದ್ರೆ ನಿನ್ನ ಧಾರಾವಾಹಿ. ಅಷ್ಟೇ" ಎಂದಳು. ಅಷ್ಟೇ ಅಂತೆ! ಒಂದು ಮನೆಯಲ್ಲಿ ಯಾರು ಮಾತಾಡಬೇಕು, ಯಾರು ಸುಮ್ಮನಿರಬೇಕು ಎಂಬುದು ಒಂದು ಗುಂಡಿಗೆ ಬಂದು ನಿಂತಿತು ಎಂದು ಆ ಹೊತ್ತಿಗೆ ಯಾರಿಗೆ ಹೊಳೆಯಬೇಕು.

ಹದಿನೈದು ದಿನದಲ್ಲಿ ಮೈಕಣ್ಣನಿಗೆ ಕೈ ಕುದುರಿತು. 'ಪ್ರಯಾಣಿಕರ ಗಮನಕ್ಕೆ. ಟೀಗೆ ಸಕ್ಕರೆ ಬಿದ್ದಿಲ್ಲ' ಎಂದು ಗೋಡೆಯ ಮೇಲೆ ಮೂಡಿದ ದಿನ ಅವಳು ಸೂಜಿ ಚುಚ್ಚಿಸಿಕೊಳ್ಳುವಷ್ಟು ನಕ್ಕಳು. ಅವನೂ ನಕ್ಕ, ದನಿಯಿಲ್ಲದೆ, ಭುಜ ಕುಲುಕಿಸಿಕೊಂಡು. ಆದರೆ ನಗು ಎಷ್ಟು ದಿನ? ಬಾಯಲ್ಲಿದ್ದದ್ದೆಲ್ಲ ಬೆರಳಿಗೆ ಇಳಿಯಿತು. ಕಾಲರು ಸೊಟ್ಟ ಹೊಲಿದಿದ್ದೀಯ. ಬಾಗಿಲು ಯಾಕೆ ತೆಗೆದಿಟ್ಟಿದ್ದೀಯ. ಆ ಹೆಂಗಸಿನ ಹತ್ತಿರ ಅಷ್ಟು ಹೊತ್ತು ಏನು ಮಾತು. ಮೊದಲಾದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದಿತ್ತು. ಈಗ ಅಂದದ್ದೆಲ್ಲ ಗೋಡೆಯಷ್ಟಗಲ ಬೆಳಕಾಗಿ ಕಣ್ಣೆದುರಿಗೇ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ತಲೆ ಚಿಟ್ಟುಹಿಡಿದು ಅವಳು ಗುಂಡಿ ಒತ್ತಿಬಿಟ್ಟಳು. ಅವನ ಅರ್ಧ ವಾಕ್ಯ ಫಕ್ಕನೆ ಮಾಯವಾಗಿ ಆ ಜಾಗದಲ್ಲಿ ಧಾರಾವಾಹಿಯ ಅತ್ತೆಯೊಬ್ಬಳು ಕಣ್ಣರಳಿಸಿ ನಿಂತಳು. ಮೈಕಣ್ಣ ಕೈ ಚಪ್ಪಾಳೆ ತಟ್ಟಿದ, ಕುರ್ಚಿಯ ಕೈ ಬಡಿದ. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಟಕಟಕ ಕೇಳಿಸಿತು. ಟಿವಿಯಲ್ಲಿ ಏನೇ ಬರಲಿ, ಕಂಪ್ಯೂಟರಿಗೆ ಅದರ ಗೊಡವೆ ಎಲ್ಲಿಯದು? ಒತ್ತಿದ ಅಕ್ಷರ ಒಳಗೆ ಬೀಳುತ್ತಲೇ ಇರುತ್ತದೆ. ಧಾರಾವಾಹಿ ಮುಗಿದ ಮೇಲೆ ಗುಂಡಿ ಒತ್ತಿ ನೋಡಿದರೆ ಹಿಂದುಗಡೆ ಎಂಟು ಸಾಲು ಬೈಗುಳ ಅಚ್ಚುಕಟ್ಟಾಗಿ ಕಾದುಕುಳಿತಿತ್ತು. ಕೊನೆಯ ಸಾಲು: 'ಓದಿದ್ಯಾ?' ಆಮೇಲೆ ಅದೇ ಅಭ್ಯಾಸವಾಯಿತು. ಅವನದು ಅತಿಯಾದಾಗ ಇವಳು ಗುಂಡಿ ಒತ್ತುವುದು, ಅವನು ಧಾರಾವಾಹಿಯ ಹಿಂದೆ ಕೂತು ಟೈಪು ಮಾಡುವುದು. ಎಷ್ಟೋ ಸಲ ಅವಳು ಓದದೆಯೇ ಅಳಿಸಿಹಾಕುತ್ತಿದ್ದಳು.

ಈ ಸಂಸಾರದಲ್ಲಿ ಒಂದು ವಿಷಯವನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅದು ಮೈಕಣ್ಣನ ತಮ್ಮನ ವಿಷಯ.

ತಮ್ಮನೂ ಅದೇ ನಿಲ್ದಾಣದಲ್ಲಿ ಬಸ್ ಡ್ರೈವರು. ಒಂಬತ್ತು ವರ್ಷದ ಹಿಂದೆ ಅವರ ತಾಯಿ ಆಸ್ಪತ್ರೆಯಲ್ಲಿದ್ದಳು. ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು: ಮಕ್ಕಳಿಬ್ಬರೂ ಬೇಗ ಬನ್ನಿ. ಡ್ರೈವರುಗಳು ಟ್ರಿಪ್ಪಿಗೆ ಹೊರಡುವ ಮುಂಚೆ ತಮ್ಮ ಫೋನನ್ನು ಕಂಟ್ರೋಲ್ ರೂಮಿನಲ್ಲಿ ಒಪ್ಪಿಸಿ ಹೋಗಬೇಕೆಂಬುದು ಅಲ್ಲಿಯ ಕಟ್ಟುನಿಟ್ಟು, ಹಾಗಾಗಿ ಸುದ್ದಿ ಬಂದದ್ದು ಮೈಕಣ್ಣನಿಗೆ. ಅವನು ಆಸ್ಪತ್ರೆಗೆ ಓಡಿದ. ತಮ್ಮ ಬರಲಿಲ್ಲ. ತಾಯಿ 'ಚಿಕ್ಕವನೆಲ್ಲಿ, ಚಿಕ್ಕವನೆಲ್ಲಿ' ಎಂದು ಕೇಳುತ್ತಲೇ ಎರಡು ಗಂಟೆಗೆ ಕಣ್ಣು ಮುಚ್ಚಿದಳು. ಸಂಜೆ ತಮ್ಮ ಟ್ರಿಪ್ಪು ಮುಗಿಸಿ ಬಂದಾಗ ನೆಂಟರೆಲ್ಲ ಸೇರಿದ್ದರು. "ನಾನು ನಾಲ್ಕನೇ ಪ್ಲಾಟ್‌ಫಾರ್ಮಿಗೇ ಹೋಗಿ ಹೇಳಿದೆ. ಬಸ್ಸು ಬಿಟ್ಟು ಬರಕ್ಕಾಗಲ್ಲ ಅಂದ" ಎಂದ ಮೈಕಣ್ಣ, ಎಲ್ಲರೆದುರು. "ಯಾರೂ ನನಗೆ ಹೇಳಲೇ ಇಲ್ಲ" ಎಂದ ತಮ್ಮ. ಯಾರು ನಂಬುತ್ತಾರೆ? ಇಡೀ ಊರಿಗೆ ಬಸ್ಸಿನ ಹೊತ್ತು ಹೇಳಿ ಒಂದು ದಿನವೂ ತಪ್ಪದ ಬಾಯಿ ಒಂದು ಕಡೆ, ಎರಡು ಮಾತಿಗೇ ತಡವರಿಸುವ ಡ್ರೈವರು ಇನ್ನೊಂದು ಕಡೆ. ತಾಯಿಯ ಅಕ್ಕ, ಮನೆಮಂದಿಗೆಲ್ಲ ದೊಡ್ಡಮ್ಮ, "ಹೆತ್ತವಳಿಗಿಂತ ಬಸ್ಸು ಹೆಚ್ಚಾಯ್ತೇನೋ ನಿನಗೆ" ಎಂದಳು. ಹೊಲಿಗೆಯಕ್ಕ ಮೈದುನನ ಕೈಗೆ ಕೊಡಲು ತಂದಿದ್ದ ನೀರಿನ ಲೋಟವನ್ನು ವಾಪಸು ಒಳಗೆ ತೆಗೆದುಕೊಂಡು ಹೋದಳು. ಅವನು ಬೇರೆ ಊರಿನ ಡಿಪೋಗೆ ವರ್ಗ ಮಾಡಿಸಿಕೊಂಡು ಹೋದ. ಅವತ್ತಿನಿಂದ ಈ ಹೊಸ್ತಿಲು ತುಳಿದಿರಲಿಲ್ಲ.

ಈಗ ಕ್ಯಾನ್ಸರು ಮರಳಿ ಬಂತು. ಇನ್ನು ಕತ್ತರಿಸುವುದಕ್ಕೂ ಏನಿಲ್ಲ, ದಿನ ಎಣಿಸಬೇಕಷ್ಟೇ ಎಂದರು ಡಾಕ್ಟರು. ಆ ಸಂಜೆ ಗೋಡೆಯ ಮೇಲೆ ಒಂದೇ ಸಾಲು ಮೂಡಿತು: 'ತಮ್ಮನಿಗೆ ಬರಲು ಹೇಳು.'

ಅವಳು ಯಂತ್ರ ನಿಲ್ಲಿಸಿದಳು. "ಯಾಕ್ರೀ? ಮತ್ತೆ ಜಗಳ ಆಡೋಕಾ?"

'ಹೇಳು' ಎಂದಷ್ಟೇ ಬಂತು.

ಮಗಳು ಚಿಕ್ಕಪ್ಪನಿಗೆ ಫೋನು ಮಾಡಿದಳು. ಅವನ ಬಸ್ಸು ಈಗಲೂ ವಾರಕ್ಕೆರಡು ಸಲ ಈ ಊರಿಗೆ ಬರುತ್ತಿತ್ತು. ಎರಡು ಗಂಟೆಗೆ ಬಂದು ನಾಲ್ಕೂ ಹತ್ತಕ್ಕೆ ಹೊರಡುವುದು. "ಸೋಮವಾರ ಬರ್ತೀನಿ" ಎಂದನಂತೆ.

ಬಂದ. ಖಾಕಿ ಅಂಗಿಯಲ್ಲೇ ಬಂದಿದ್ದ ಮೈದುನನಿಗೆ ವಯಸ್ಸಾಗಿತ್ತು. ಕಿವಿಯ ಪಕ್ಕ ಬೆಳ್ಳಗಾಗಿತ್ತು. ಕುರ್ಚಿಯ ತುದಿಯಲ್ಲಿ, ಯಾವಾಗ ಎದ್ದು ಹೋಗು ಎನ್ನುತ್ತಾರೋ ಎನ್ನುವವನ ಹಾಗೆ ಕೂತ. ಅಣ್ಣನ ಕತ್ತಿನ ಬಟ್ಟೆ ಉಸಿರಿಗೆ ಏಳುವುದನ್ನೂ ಬೀಳುವುದನ್ನೂ ನೋಡಿ ನೆಲ ನೋಡಿದ. "ಹೇಗಿದ್ದೀಯಣ್ಣ" ಎಂದ. ಹೊಲಿಗೆಯಕ್ಕ ಟೀ ತಂದಿಟ್ಟಳು. ಟಿವಿಯಲ್ಲಿ ಬಿಳಿ ಹಾಳೆ ಕಾಯುತ್ತಿತ್ತು. ಮೈಕಣ್ಣ ಕೀಬೋರ್ಡನ್ನು ತೊಡೆಯ ಮೇಲೆ ಎಳೆದುಕೊಂಡ. ಒಂದೊಂದೇ ಅಕ್ಷರ ಗೋಡೆಗೇರಿತು.

'ಅಮ್ಮ ಹೋದ ದಿನ ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ'

ಅವಳು ಓದಿದಳು. ಅಯ್ಯೋ, ಮತ್ತೆ ಅದೇ ರಾಗ! ಸಾಯುವ ಹೊತ್ತಿನಲ್ಲೂ ಬಿಡಬಾರದೇ ಈ ಮನುಷ್ಯ? ಕರೆಸಿಕೊಂಡು ಬಯ್ಯಬೇಕೇ? ಮೈದುನನ ಮುಖ ನೋಡಿದಳು. ಟೀ ಲೋಟ ಅರ್ಧಕ್ಕೆ ನಿಂತಿತ್ತು, ಮುಖ ಕಪ್ಪಿಟ್ಟಿತ್ತು. ಇನ್ನೊಂದು ಸಾಲು ಬಂದರೆ ಅವನು ಎದ್ದು ಹೋಗುತ್ತಾನೆ, ಹೋದರೆ ಮತ್ತೆ ಬರುವುದು ಹೆಣ ನೋಡಲಿಕ್ಕೇ. ಇಷ್ಟನ್ನೂ ಯೋಚಿಸಿದಳೋ ಇಲ್ಲವೋ, ಕೈ ತಾನಾಗಿ ರಿಮೋಟಿಗೆ ಹೋಗಿ ಗುಂಡಿ ಒತ್ತಿತು. ಗೋಡೆಯ ಮೇಲೆ ಮಧ್ಯಾಹ್ನದ ಧಾರಾವಾಹಿ ಹೊತ್ತಿಕೊಂಡಿತು. ಯಾರದೋ ಮನೆಯಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದರು.

"ಈಗ ಅದೆಲ್ಲ ಯಾಕ್ರೀ" ಎಂದಳು. "ನೀನು ಟೀ ಕುಡಿಯಪ್ಪ. ಆರಿಹೋಗತ್ತೆ."

ಮೈಕಣ್ಣ ತಲೆಯೆತ್ತಿ ಅವಳನ್ನು ನೋಡಿದ. ಚಪ್ಪಾಳೆ ತಟ್ಟಲಿಲ್ಲ, ಕುರ್ಚಿ ಬಡಿಯಲಿಲ್ಲ. ಟಿವಿಯನ್ನೊಮ್ಮೆ ನೋಡಿದ, ತಮ್ಮನನ್ನೊಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿಕೊಂಡು ಕೀಲಿಗಳನ್ನೇ ನೋಡುತ್ತ ಟೈಪು ಮಾಡತೊಡಗಿದ.

ಅವಳು ಬಾಯಿಗೆ ಬಂದದ್ದೆಲ್ಲ ಮಾತಾಡಿದಳು. ಮೈದುನನ ಮಂಡಿನೋವು ಹೇಗಿದೆ, ಅವನ ಮಗಳು ಎಷ್ಟನೇ ಕ್ಲಾಸು, ಹೊಸ ಊರಿನಲ್ಲಿ ನೀರು ಬರುತ್ತದೆಯೇ. ಜನ್ಮದಲ್ಲಿ ಅಷ್ಟು ಮಾತಾಡಿದವಳಲ್ಲ. ಟಕಟಕ ಸದ್ದು ಅವನಿಗೆ ಕೇಳಿಸಬಾರದೆಂದು ದನಿ ಏರಿಸಿದಳು. ಮೈದುನ ಹೂಂ, ಹೂಂ ಎನ್ನುತ್ತ ನೋಡಲು ಬೇರೇನೂ ಇಲ್ಲದೆ ಧಾರಾವಾಹಿ ನೋಡಿದ. ಮೂರೂಮುಕ್ಕಾಲಿಗೆ ಎದ್ದ. "ಬಸ್ಸಿಗೆ ಹೊತ್ತಾಯ್ತು. ಬರ್ತೀನಣ್ಣ" ಎಂದು ಅಣ್ಣನ ಭುಜದ ಮೇಲೆ ಕೈಯಿಟ್ಟ. ಮೈಕಣ್ಣ ಟೈಪು ನಿಲ್ಲಿಸಿ ಆ ಕೈಯನ್ನು ಹಿಡಿದುಕೊಂಡ. ಇನ್ನೊಂದು ಕೈಯಿಂದ ಟಿವಿ ತೋರಿಸಿದ. ಮತ್ತೆ ಮತ್ತೆ ತೋರಿಸಿದ. ಕತ್ತಿನ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಆಮೇಲೆ ನೋಡೋಣ ರೀ, ಅವನಿಗೆ ಬಸ್ಸಿದೆ" ಎಂದಳು ಹೊಲಿಗೆಯಕ್ಕ. ಹಿಡಿದ ಕೈಯನ್ನು ತಾನೇ ಬಿಡಿಸಿದಳು.

ಬಾಗಿಲು ಹಾಕಿ ಬಂದು, ನಿಟ್ಟುಸಿರು ಬಿಟ್ಟು, "ಏನು ಬೈದಿದ್ದೀರೋ ನೋಡೋಣ" ಎನ್ನುತ್ತ ಗುಂಡಿ ಒತ್ತಿದಳು. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು.

'ಅಮ್ಮ ಹೋದ ದಿನ ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ನಿನ್ನ ಬಸ್ಸು ನಿಂತಿತ್ತು. ಆಸ್ಪತ್ರೆ ಫೋನು ನನಗೆ ಬಂತು. ನಾನು ನಿನಗೆ ಹೇಳಲಿಲ್ಲ. ಬದಲಿ ಡ್ರೈವರ್ ಇರಲಿಲ್ಲ. ಹಿಂದಿನ ದಿನ ಅದೇ ಬಸ್ಸು ತಡ ಆಗಿದ್ದಕ್ಕೆ ಸಾಹೇಬರಿಂದ ಬೈಸಿಕೊಂಡಿದ್ದೆ. ಅಮ್ಮ ಸಂಜೆ ತನಕ ಇರ್ತಾಳೆ ಅಂದುಕೊಂಡೆ. ನಿನ್ನ ಬಸ್ಸು ಹೊರಡ್ತಿದೆ ಅಂತ ಮೈಕಿನಲ್ಲಿ ಕೂಗಿದೆ. ನೀನು ಗೂಡಿನ ಕಡೆ ಕೈ ಬೀಸಿ ಹೋದೆ. ಅಮ್ಮ ನಿನ್ನನ್ನೇ ಕೇಳಿದಳು. ನನ್ನನ್ನಲ್ಲ. ಸಂಜೆ ಎಲ್ಲರೂ ನನ್ನ ಮುಖ ನೋಡಿದರು. ಅವನಿಗೆ ಹೇಳಿದೆ, ಅವನೇ ಬರಲಿಲ್ಲ ಅಂದುಬಿಟ್ಟೆ. ಒಂದು ಸಲ ಅಂದಮೇಲೆ ವಾಪಸ್ ತಗೊಳ್ಳೋಕೆ ಆಗಲಿಲ್ಲ. ಇವಳಿಗೂ ಗೊತ್ತಿಲ್ಲ. ಇವಳು ಟಿವಿ ಹಾಕಿದ್ದಾಳೆ. ನಿನಗೆ ಇದು ಕಾಣ್ತಿಲ್ಲ. ಕಾಣೋ ಹಾಗಿದ್ದಿದ್ರೆ ಇಲ್ಲಿ ತನಕ ಬರೀತಿದ್ನೋ ಇಲ್ವೋ. ಬರೆದಾಯ್ತು. ಹೋಗೋ ಮುಂಚೆ ಓದು.'

"ನಿಜವೇನ್ರೀ?" ಎಂದಳು.

ಅವನು ಹೌದೆಂದು ತಲೆಯಾಡಿಸಿದ. ಕಣ್ಣಿಂದ ನೀರಿಳಿದು ಕತ್ತಿನ ಬಟ್ಟೆಗೆ ತಾಗುತ್ತಿತ್ತು.

ಸಿಟ್ಟು ಬಂತು, ಮೈಯೆಲ್ಲ ಉರಿಯುವಂಥ ಸಿಟ್ಟು. ಒಂಬತ್ತು ವರ್ಷ! ಆ ನೀರಿನ ಲೋಟ ವಾಪಸು ತಂದದ್ದು ಕಣ್ಣಿಗೆ ಕಟ್ಟಿತು. ಇಂಥ ಸುಳ್ಳಿಗೆ ತಾನೂ ಹೆಗಲು ಕೊಟ್ಟಿದ್ದಳಲ್ಲ. ಆದರೆ ಅದಕ್ಕಿಂತ ಹೆಚ್ಚು ಸುಟ್ಟದ್ದು ಇನ್ನೊಂದು. ಅವನು ಕೊನೆಗೂ ನಿಜ ಹೇಳಲು ಬಾಯಿ ತೆರೆದಿದ್ದ, ಮುಚ್ಚಿಸಿದವಳು ತಾನು. ಹಿಡಿದ ಕೈ ಬಿಡಿಸಿದವಳೂ ತಾನೇ. ಗೋಡೆ ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಚಪ್ಪಲಿ ಸಿಕ್ಕಿಸಿಕೊಂಡು ಓಡಿದಳು.

ನಿಲ್ದಾಣದಲ್ಲಿ ಈಗ ಮೊದಲೇ ತುಂಬಿಟ್ಟ ಹೆಣ್ಣುದನಿಯೊಂದು ಬಸ್ಸು ಕೂಗುತ್ತದೆ. ಮೈದುನನ ಬಸ್ಸು ಜನ ತುಂಬಿಕೊಂಡು ಗುರುಗುಟ್ಟುತ್ತಿತ್ತು. ಡ್ರೈವರ್ ಕಿಟಕಿಯ ಕೆಳಗೆ ನಿಂತು ಏದುಸಿರು ಬಿಡುತ್ತ, "ಅವರು ಬರೆದಿದ್ರು ಕಣಪ್ಪ. ನಿನಗೆ ಹೇಳಲೇ ಇಲ್ಲ ಅಂತ, ಸುಳ್ಳು ಹೇಳಿದೆ ಅಂತ, ಎಲ್ಲಾ ಬರೆದಿದ್ರು. ನಾನೇ ಪಾಪಿ, ಟಿವಿ ಹಾಕ್ಬಿಟ್ಟೆ. ಇಳಿದು ಬಾ, ಒಂದ್ಸಲ ಓದು" ಎಂದಳು.

ಅವನು ಕಿಟಕಿಯಿಂದ ತಲೆ ಹೊರಹಾಕಿದ.

"ನನಗೆ ಅದು ಗೊತ್ತಿದ್ದದ್ದೇ ಅಲ್ವಾ ಅತ್ತಿಗೆ" ಎಂದ. "ಹೇಳಿಲ್ಲ ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಬಾಯಿಬಿಡ್ತಾನಾ ಅಂತ ನೋಡೋಕೇ ಬಂದಿದ್ದೆ. ಅವನೇ ನಿಮಗೆ ಕಣ್ಸನ್ನೆ ಮಾಡಿ ಟಿವಿ ಹಾಕಿಸಿದ ಅಂದ್ಕೊಂಡೆ."

"ಅಯ್ಯೋ ಇಲ್ಲಪ್ಪ! ನನ್ನದೇ ಕೆಲಸ ಅದು."

ಹಿಂದಿನಿಂದ ಪ್ರಯಾಣಿಕರು ಹೊತ್ತಾಯಿತೆಂದು ಗದರುತ್ತಿದ್ದರು. ಕಂಡಕ್ಟರು ಸೀಟಿ ಊದಿದ. "ಈಗ ಇಳಿಯಕ್ಕಾಗಲ್ಲ ಅತ್ತಿಗೆ, ಬದಲಿ ಯಾರೂ ಇಲ್ಲ. ಗುರುವಾರ ರಜಾ ಇದೆ, ಬೆಳಿಗ್ಗೆನೇ ಬರ್ತೀನಿ" ಎಂದ.

"ಫೋಟೋ ಹೊಡೆದು ಕಳಿಸ್ಲಾ?"

"ಬೇಡ. ಅವನ ಪಕ್ಕದಲ್ಲೇ ಕೂತು ಓದ್ತೀನಿ." ಕಂಡಕ್ಟರಿನ ನಂಬರು ಕೊಟ್ಟ. ಓಡಿಸುವಾಗ ತನ್ನ ಫೋನು ಕೈಯಲ್ಲಿರುವುದಿಲ್ಲ, ಏನಾದರೂ ಇದ್ದರೆ ಇದಕ್ಕೆ ಮಾಡಿ ಎಂದ. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೊರಟುಹೋಯಿತು.

ಮನೆಗೆ ಬಂದು "ಗುರುವಾರ ಬರ್ತಾನಂತೆ" ಎಂದಳು. ಮೈಕಣ್ಣ ಕಣ್ಣು ಮುಚ್ಚಿ ತೆರೆದ. ಆಮೇಲೆ ಮೌಸ್ ಹಿಡಿದು, ಬರೆದದ್ದೆಲ್ಲ ಒಂದೇ ಪರದೆಯಲ್ಲಿ ಹಿಡಿಸುವಂತೆ ಅಕ್ಷರಗಳನ್ನು ಚಿಕ್ಕದು ಮಾಡಿದ. ಮಾಡಿ ಕೀಬೋರ್ಡನ್ನು ಅವಳ ಕೈಗೆ ಕೊಟ್ಟುಬಿಟ್ಟ. ಅದರ ಮೇಲೆ ಇನ್ನೊಂದಕ್ಷರ ಟೈಪು ಮಾಡಲಿಲ್ಲ. ನೀರು ಬೇಕಾದರೆ ಕೈಸನ್ನೆ, ನೋವಾದರೆ ಮುಖ ಸಿಂಡರಿಸುವುದು, ಅಷ್ಟೇ. ಅವಳೂ ಧಾರಾವಾಹಿ ಹಾಕಲಿಲ್ಲ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಪರದೆ ಕಪ್ಪಾಗುತ್ತಿತ್ತು. ಪ್ರತಿ ಸಲ ಅವಳು ಹೊಲಿಗೆ ಬಿಟ್ಟು ಎದ್ದು ಮೌಸ್ ಅಲ್ಲಾಡಿಸಿ, ಎಲ್ಲ ಸಾಲೂ ಇವೆಯೇ ಎಂದು ನೋಡಿ ಕೂರುತ್ತಿದ್ದಳು. ಗಿರಾಕಿಗಳು ಬಂದರೆ ಟಿವಿಯ ಮೇಲೆ ಪರದೆ ಬಟ್ಟೆಯೊಂದನ್ನು ಇಳಿಬಿಡುತ್ತಿದ್ದಳು. ಗಂಡನ ಮೇಲೆ ಸಿಟ್ಟು ಇಳಿದಿರಲಿಲ್ಲ. ಆ ಸಿಟ್ಟಿನಲ್ಲೇ ಅವನ ತಲೆ ಬಾಚುತ್ತಿದ್ದಳು, ಆ ಸಿಟ್ಟಿನಲ್ಲೇ ಕತ್ತಿನ ಬಟ್ಟೆ ಬದಲಾಯಿಸುತ್ತಿದ್ದಳು. "ಗುರುವಾರದ ತನಕ ಇರಬೇಕು ನೀವು, ಗೊತ್ತಾಯ್ತಾ?" ಎಂದು ಗದರಿದಳು. ಅವನು ಹೂಂ ಎನ್ನುವ ಹಾಗೆ ರೆಪ್ಪೆ ಬಡಿದ.

ಬುಧವಾರ ಬೆಳಿಗ್ಗೆ ಉಸಿರು ಕಟ್ಟಿಕೊಂಡಿತು. ಆಂಬುಲೆನ್ಸಿಗೆ ಹೇಳಿ, ಮರುನಿಮಿಷವೇ ಕಂಡಕ್ಟರಿನ ನಂಬರಿಗೆ ಮಾಡಿದಳು. "ಡ್ರೈವರಿಗೆ ಈಗ್ಲೇ ಹೇಳಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಮುಂದಿನ ಸ್ಟಾಪಿನ ತನಕ ಕಾಯ್ಬೇಡ, ಈಗ್ಲೇ ಹೇಳು" ಎಂದಳು. ಫೋನಿನಲ್ಲೇ ಬಸ್ಸು ಗಕ್ಕನೆ ನಿಂತ ಸದ್ದು ಕೇಳಿಸಿತು.

ಮೈದುನ ಜನ ತುಂಬಿದ ಬಸ್ಸನ್ನು ದಾರಿಬದಿಗೆ ಹಚ್ಚಿ, ಕೀಲಿಯನ್ನು ಕಂಡಕ್ಟರಿನ ಕೈಗಿಟ್ಟು ಇಳಿದುಬಿಟ್ಟನಂತೆ. ಎದುರಿಗೆ ಬಂದ ಹಾಲಿನ ವ್ಯಾನು ಹತ್ತಿ ಬಂದ. ಆಸ್ಪತ್ರೆಯ ಮೆಟ್ಟಿಲು ಏರುವ ಹೊತ್ತಿಗೆ ಅಣ್ಣ ಹೋಗಿ ಅರ್ಧ ಗಂಟೆಯಾಗಿತ್ತು. ಅವನು ಅಳಲಿಲ್ಲ. ಹಾಸಿಗೆಯ ಪಕ್ಕ ನಿಂತು, "ಈ ಸಲ ನನಗೆ ಹೇಳಿದ್ರಿ ಅತ್ತಿಗೆ" ಎಂದ. ಅಷ್ಟು ಹೇಳಿ ಕಾಗದಪತ್ರದ ಕೆಲಸಕ್ಕೆ ಓಡಾಡಿದ.

ಹೆಣ ತರುವ ಮುಂಚೆ ನಡುಮನೆ ತೆರವು ಮಾಡಲೆಂದು ಅತ್ತಿಗೆ ಮೈದುನ ಇಬ್ಬರೂ ಮೊದಲು ಬಂದರು. ಅವಳು ಯಂತ್ರದ ಮೇಲಿನ ಬಟ್ಟೆಗಳನ್ನು ಒಳಗಿಟ್ಟು ಬರುವಷ್ಟರಲ್ಲಿ ಅವನು ಕಂಪ್ಯೂಟರಿನ ಮೇಜು ಸರಿಸಿದ್ದ. ಮೌಸ್ ಅಲ್ಲಾಡಿ ಪರದೆ ಬೆಳಗಿತ್ತು. ಮೇಜಿನ ಅಂಚು ಹಿಡಿದುಕೊಂಡೇ ನಿಂತು ಅವನು ಓದುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು. ಓದಿದ, ಮತ್ತೆ ಮೊದಲಿಂದ ಓದಿದ. ಆಮೇಲೆ ಟಿವಿಯ ಹಿಂದೆ ಕೈ ಹಾಕಿ ಕೇಬಲ್ಲು ಕಿತ್ತ. ಗೋಡೆಯ ಮೇಲೆ 'ಸಿಗ್ನಲ್ ಇಲ್ಲ' ಎಂಬ ಚೌಕ ಬಂತು.

"ಯಾಕೋ! ನಿನಗೋಸ್ಕರ ಬರೆದದ್ದು ಕಣೋ ಅದು."

"ನಾನು ಓದಿದ್ನಲ್ಲ. ಸಾಕು" ಎಂದ. "ದೊಡ್ಡಮ್ಮ, ನೆಂಟರು ಎಲ್ಲಾ ಬರ್ತಿದ್ದಾರೆ. ಇವತ್ತು ಅವನು ಮಲಗಿರೋವಾಗ ಇದು ತಲೆ ಮೇಲೆ ಉರೀತಿರೋದು ಬೇಡ. ಜನ ಏನಂದಾರು?"

"ನಿನಗೆ ಏನಂದ್ರು ಅವರು? ಒಂಬತ್ತು ವರ್ಷ?"

"ನನಗೆ ಅಭ್ಯಾಸ ಆಗಿದೆ ಬಿಡಿ."

ಮೈಕಣ್ಣನನ್ನು ತಂದು ನಡುಮನೆಯಲ್ಲಿ ಮಲಗಿಸಿದರು. ಜನ ಸೇರಿತು. ನಿಲ್ದಾಣದವರು ಬಂದರು, ಬೀದಿಯವರು ಬಂದರು. ದೊಡ್ಡಮ್ಮನನ್ನು ಇಬ್ಬರು ಹಿಡಿದುಕೊಂಡು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ತೊಂಬತ್ತರ ಮುದುಕಿ. ಅವಳು ಅತ್ತಳು, ಕಣ್ಣೊರೆಸಿಕೊಂಡಳು, ಸುತ್ತ ನೋಡಿದಳು. ಗೋಡೆಗೊರಗಿ ನಿಂತಿದ್ದ ಖಾಕಿ ಅಂಗಿ ಕಣ್ಣಿಗೆ ಬಿತ್ತು.

"ಓಹೋ, ಇವತ್ತಾದ್ರೂ ಬಂದ್ಯಲ್ಲಪ್ಪ" ಎಂದಳು. ಮನೆ ತುಂಬ ಕೇಳಿಸಿತು. "ಹೆತ್ತವಳಿಗಂತೂ ಬರ್ಲಿಲ್ಲ."

"ಹೂಂ ದೊಡ್ಡಮ್ಮ" ಎಂದ ಅವನು. "ಬಂದೆ."

ಹೊಲಿಗೆಯಕ್ಕ ಗಂಡನ ತಲೆಯ ಬಳಿ ಕೂತಿದ್ದವಳು ಅವನ ಮುಖ ನೋಡಿದಳು. ಪಾಪ, ಇನ್ನು ಆ ಮನುಷ್ಯ ಏನನ್ನೂ ಬರೆಯುವುದಿಲ್ಲ, ಏನನ್ನೂ ಅಳಿಸುವುದಿಲ್ಲ. ಅವನ ಮೇಲೆ ಪ್ರೀತಿ ಬಂತು. ಆದರೂ ಎದ್ದು ನಿಂತಳು.

"ದೊಡ್ಡಮ್ಮಾ, ಅವತ್ತು ಇವನಿಗೆ ಯಾರೂ ಹೇಳಿರಲಿಲ್ಲ."

"ಅತ್ತಿಗೆ, ಬೇಡ" ಎಂದ ಮೈದುನ.

"ಆಸ್ಪತ್ರೆ ಫೋನು ಬಂದಿದ್ದು ಇವರಿಗೆ. ಇವರು ಇವನಿಗೆ ಹೇಳದೇನೇ ಬಸ್ಸು ಹೊರಡಿಸಿಬಿಟ್ರು. ಬದಲಿ ಇರ್ಲಿಲ್ಲ, ಸಾಹೇಬರ ಭಯ, ಅಮ್ಮ ಸಂಜೆ ತನಕ ಇರ್ತಾರೆ ಅಂದ್ಕೊಂಡ್ರು. ಆಮೇಲೆ ನಿಮ್ಮೆಲ್ಲರ ಮುಂದೆ ಸುಳ್ಳು ಹೇಳಿದ್ರು. ಸೋಮವಾರ ಅದನ್ನ ಇವನಿಗೆ ಹೇಳೋಕೆ ಹೊರಟಿದ್ರು. ನಾನು ಹೇಳೋಕೆ ಬಿಡ್ಲಿಲ್ಲ. ಬಯ್ತಾರೆ ಅಂದ್ಕೊಂಡು ಟಿವಿ ಹಾಕಿದೆ. ಹಾಗಾಗಿ ನಾನು ಹೇಳ್ತಿದ್ದೀನಿ."

ನಿಲ್ದಾಣದವರಲ್ಲೊಬ್ಬ ತಲೆ ತಗ್ಗಿಸಿದ. "ಹೆಣದ ಮುಂದೆ ಇಂಥ ಮಾತಾ?" ಎಂದು ಯಾರೋ ಗೊಣಗಿದರು. ಮಗಳು ಬಂದು ತಾಯಿಯ ಕೈ ಹಿಡಿದಳು. ದೊಡ್ಡಮ್ಮ ಕೈ ಚಾಚಿ ತಂಗಿಯ ಚಿಕ್ಕ ಮಗನನ್ನು ಹತ್ತಿರ ಕರೆದಳು.

"ನಿನಗೆ ಗೊತ್ತೇ ಇರ್ಲಿಲ್ವೇನೋ ಮಗಾ?"

"ಗೊತ್ತಿದ್ದಿದ್ರೆ ಬರ್ತಿರ್ಲಿಲ್ವಾ ದೊಡ್ಡಮ್ಮ" ಎಂದ ಅವನು. ಒಂಬತ್ತು ವರ್ಷದ ಹಿಂದೆ ಇದೇ ಮಾತನ್ನು ಇದೇ ಜನರಿಗೆ ಹೇಳಿದ್ದ. ಇವತ್ತು ಯಾರೂ ಎದುರಾಡಲಿಲ್ಲ.

ದೊಡ್ಡಮ್ಮ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ನರೆತ ಕೂದಲಿನ ಆ ಗಂಡಸು ಅಲ್ಲಿ ಮುಖ ಹುದುಗಿಸಿ, ಅಣ್ಣನ ಹೆಣ ಪಕ್ಕದಲ್ಲಿರುವಾಗ, "ಅಮ್ಮಾ, ಅಮ್ಮಾ" ಎಂದು ಬಿಕ್ಕಿ ಬಿಕ್ಕಿ ಅತ್ತ.